ಎರಡು ಔಷಧಿಯ ಒಂದು ಮಾತ್ರೆ

ನಮ್ಮತ್ತೆ ಮಣ್ಣು ತಿನ್ನುವುದನ್ನು ನಾನು ಮೊದಲು ಕಂಡದ್ದು ಕುರಿ ಕೂಡುವ ರೊಪ್ಪದ ಹಿಂದೆ. ಹಿಕ್ಕೆ ಬಾಚಿ ಗುಡ್ಡೆ ಹಾಕಲು ಹೋಗಿದ್ದೆ. ಮಳೆಗೆ ಕುಸಿದಿದ್ದ ಹಳೇ ಗೋಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹೆಂಟೆಯ ಮೂಲೆ ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಚಪ್ಪರಿಸುತ್ತಿದ್ದರು. ನನ್ನನ್ನು ಕಂಡವರೇ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಹಲ್ಲುನೋವಿಗೆ ಅಂದರು. ಹಲ್ಲುನೋವಿಗೆ ಮಣ್ಣು ಯಾರು ತಿಂತಾರೆ ಅಂತ ಕೇಳುವ ಸಲುಗೆ ನನಗಿರಲಿಲ್ಲ. ಹೂಂ ಅಂದು ಬುಟ್ಟಿ ಎತ್ತಿಕೊಂಡು ಬಂದೆ.

ನಾನು ಚಳ್ಳಕೆರೆ ಪೇಟೆಯಲ್ಲಿ ಬೆಳೆದವಳು. ಅಪ್ಪ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮದುವೆಯಾಗಿ ಬಂದದ್ದು ಉಳ್ಳಾರ್ತಿ ಕಾವಲಿನ ಹುಲ್ಲುಬಯಲ ಅಂಚಿನ ಹಟ್ಟಿಗೆ, ಕುರಿ ಸಾಕುವವರ ಮನೆಗೆ. ಮನೆಯಲ್ಲಿ ಅತ್ತೆ, ಮಾವ, ನನ್ನ ಗಂಡ, ನಾನು. ನನಗೊಬ್ಬಳೇ ನಾದಿನಿ, ಅವಳನ್ನು ಮೊಳಕಾಲ್ಮೂರಿಗೆ ಕೊಟ್ಟಿತ್ತು. ಮಾವ ಮತ್ತು ನನ್ನ ಗಂಡ ಬೆಳಗಾದರೆ ಮಂದೆಯ ಹಿಂದೆ. ನಾನು ಮನೆಗೆಲಸ ಮುಗಿಸಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದೆ, ಹಟ್ಟಿಯ ಹೆಂಗಸರ ರವಿಕೆಗಳೆಲ್ಲ ನನ್ನ ಕೈಯಿಂದಲೇ ಆಗಬೇಕು. ರೊಪ್ಪದ ಕೆಲಸ ಹೆಚ್ಚಾಗಿ ಅತ್ತೆಯದು. ಮಳೆಗಾಲದಲ್ಲಿ ರೊಪ್ಪದ ಸುತ್ತ ಕೆಸರು ಮೊಣಕಾಲುದ್ದ ನಿಲ್ಲುತ್ತದೆ, ಊರವರು ಚೊಂಬು ಹಿಡಿದು ಬಯಲಿಗೆ ಹೋಗುವ ದಾರಿಯೂ ಅದೇ. ಅತ್ತೆ ಬರಿಗಾಲಲ್ಲೇ ಓಡಾಡುವವರು. ಕುರಿಯವರ ಕಾಲಿಗೆ ಚಪ್ಪಲಿ ಭಾರ ಅನ್ನುತ್ತಿದ್ದರು.

ಆ ವರ್ಷ ಅವರು ಸೋತರು. ಕಾಳು ಹೊತ್ತು ನೆಲದ ಹಗೇವು ತುಂಬುವ ಮಾತು ಬಿಡಿ, ಒಂದು ಬಿಂದಿಗೆ ನೀರು ತಂದರೆ ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಮುಖ ಹಳೇ ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡಿತ್ತು. ಪಾದ, ತೊಡೆ, ಸೊಂಟ ಎಲ್ಲ ಕಡೆ ತುರಿಕೆ, ಗೆರೆ ಎಳೆದ ಹಾಗೆ ಕೆಂಪು ಬರೆ ಬರುತ್ತಿತ್ತು, ಆಮೇಲೆ ಮಾಯ. ವಯಸ್ಸು ಅಂತ ಅವರೇ ಹೇಳಿಕೊಂಡರು, ನಾವೂ ಒಪ್ಪಿದೆವು. ಮಣ್ಣಿನ ಸುದ್ದಿ ಮಾತ್ರ ಹೇಗೋ ಹಟ್ಟಿಯ ಹೆಂಗಸರಿಗೆ ಗೊತ್ತಾಗಿ, ಸೊಸೆ ತಿನ್ನಬೇಕಾದ್ದನ್ನ ಅತ್ತೆ ತಿಂತಾಳೆ, ಯಾರಿಗೆ ಬಯಕೆ ಅಂತ ನೀರಿನ ಹತ್ತಿರ ನಕ್ಕರಂತೆ. ಅತ್ತೆ ಅವತ್ತಿಂದ ನೀರಿಗೆ ಹೋಗುವುದನ್ನೇ ಬಿಟ್ಟರು.

ಆ ನಗೆ ನನಗೂ ಚುಚ್ಚಿತ್ತು. ಮದುವೆಯಾಗಿ ವರ್ಷಗಳಾಗಿದ್ದರೂ ಮಡಿಲು ತುಂಬಿರಲಿಲ್ಲ. ಒಂದು ಸಲ ನಿಂತು, ಮಾವ ಹಟ್ಟಿಗೆಲ್ಲ ಸಕ್ಕರೆ ಹಂಚಿದ ಮೇಲೆ ಇಳಿದು ಹೋಗಿತ್ತು. ಅದಾದ ಮೇಲೆ ಎದುರಿಗೆ ಸಿಕ್ಕವರೆಲ್ಲ ನನ್ನ ಹೊಟ್ಟೆಯನ್ನೇ ನೋಡಿ ಮಾತಾಡಿಸುತ್ತಿದ್ದರು. ಹಾಗಾಗಿ ಆ ಶ್ರಾವಣದಲ್ಲಿ ನನ್ನ ಮುಟ್ಟು ಮುಂದಕ್ಕೆ ಹೋದಾಗ ನಾನು ಯಾರಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಹೇಳದೆ ಇದ್ದರೆ ಉಳಿಯುತ್ತದೇನೋ ಅನ್ನುವ ಒಂದು ಹುಚ್ಚು ನಂಬಿಕೆ.

ಅತ್ತೆ ಒಂದು ಬೆಳಿಗ್ಗೆ ರೊಪ್ಪದ ಬಾಗಿಲಲ್ಲೇ ಕಣ್ಣು ಕತ್ತಲಿಟ್ಟು ಬಿದ್ದರು. ಅವತ್ತೇ ಚಳ್ಳಕೆರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಸಣ್ಣ ವಯಸ್ಸಿನವರು, ನಿಧಾನಸ್ಥರು. ಅತ್ತೆಯ ಉಗುರು, ನಾಲಿಗೆ ನೋಡಿದರು, ತುರಿಕೆಯ ಗೆರೆಗಳನ್ನು ಬೆರಳಲ್ಲಿ ಹಿಂಬಾಲಿಸಿದರು. ಆಮೇಲೆ, ಯಾವುದೋ ಸಾಮಾನ್ಯ ಪ್ರಶ್ನೆ ಕೇಳುವ ಹಾಗೆ, ಮಣ್ಣು, ಸುಣ್ಣ, ಹಸಿ ಅಕ್ಕಿ ಏನಾದರೂ ತಿನ್ನಬೇಕು ಅನ್ನಿಸುತ್ತದಾ ಅಂತ ಕೇಳಿದರು. ಅತ್ತೆ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಚಿತ್ರ ನೋಡುತ್ತಾ ಕೂತೆ. ಕಡೆಗೆ ಅತ್ತೆ ಹೌದು ಅಂತ ತಲೆಯಾಡಿಸಿದರು. ರಕ್ತ ಕಮ್ಮಿಯಾದರೆ ಹಾಗೆ ಆಗುತ್ತೆ ಅಜ್ಜಿ, ನಾಚಿಕೊಳ್ಳೋದೇನಿಲ್ಲ ಅಂದರು ಡಾಕ್ಟರಮ್ಮ. ಅತ್ತೆಯ ಭುಜ ಇಳಿದದ್ದನ್ನು ನಾನು ಕಂಡೆ. ಎಷ್ಟು ದಿನದಿಂದ ಅದನ್ನು ಹೊತ್ತುಕೊಂಡಿದ್ದರೋ.

ರಕ್ತ ಮತ್ತು ಮಲದ ಪರೀಕ್ಷೆ ಆಯಿತು. ಹೊಟ್ಟೆಯಲ್ಲಿ ಎರಡು ಜಾತಿಯ ಹುಳ ಇದ್ದವು. ಒಂದು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಕೊಕ್ಕೆಹುಳ, ಇನ್ನೊಂದು ದಾರಕ್ಕಿಂತ ಸಣ್ಣದು. ಎರಡೂ ಕೆಸರಿನಿಂದ ಬರಿಗಾಲಿನ ಚರ್ಮ ತೂರಿ ಒಳಗೆ ಬರುತ್ತವಂತೆ. ಅದಕ್ಕೇ ಡಾಕ್ಟರಮ್ಮ ಎರಡು ಔಷಧಿ ಸೇರಿಸಿದ ಒಂದು ಮಾತ್ರೆ ಬರೆದರು, ಆಲ್ಬೆಂಡಜೋಲ್ ಮತ್ತು ಐವರ್‌ಮೆಕ್ಟಿನ್. ಒಂದು ಔಷಧಿ ಒಂದು ಜಾತಿಯ ಹುಳಕ್ಕೆ ಚೆನ್ನಾಗಿ ನಾಟುತ್ತದೆ, ಇನ್ನೊಂದು ಔಷಧಿ ಇನ್ನೊಂದು ಜಾತಿಗೆ ಅಂದರು. ಬರೆಯುವ ಮುಂಚೆ ಅತ್ತೆಯನ್ನು ತೂಕ ಮಾಡಿಸಿದರು. ಕಾಮಾಲೆ ಆಗಿತ್ತಾ, ಫಿಟ್ಸ್ ಬಂದಿತ್ತಾ, ಬೇರೆ ಯಾವ ಮಾತ್ರೆ ನುಂಗ್ತೀರಿ, ಹಿಂದೆ ಯಾವ ಔಷಧಿಗಾದರೂ ಮೈ ಊದಿತ್ತಾ ಅಂತ ಒಂದೊಂದಾಗಿ ಕೇಳಿದರು. ಊಟ ಆದ ಮೇಲೆ ನುಂಗಬೇಕು, ಅವತ್ತು ತಲೆ ಸುತ್ತಬಹುದು, ಗಾಡಿ ಓಡಿಸುವ ಹಾಗಿಲ್ಲ, ಮೈ ತುಸು ಕಡಿಯಬಹುದು, ಜಾಸ್ತಿಯಾದರೆ ಬಂದುಬಿಡಿ ಅಂದರು. ಜೊತೆಗೆ ಕಬ್ಬಿಣದ ಮಾತ್ರೆ. ಚಪ್ಪಲಿ ಕಡ್ಡಾಯ.

ಎದ್ದು ಹೊರಡುವಾಗ ನನ್ನ ಕಡೆ ತಿರುಗಿ ಹೇಳಿದರು. “ಇದನ್ನ ಅಜ್ಜಿಗೆ ಮಾತ್ರ ಬರೆದಿರೋದು. ಮನೇಲಿ ಉಳಿದವರೂ ಬಂದು ತೋರಿಸಿ, ಯಾರಿಗೆ ಏನು ಬೇಕೋ ನೋಡಿ ಕೊಡ್ತೀನಿ. ಬಸುರಿ, ಬಾಣಂತಿ, ಎಳೇ ಮಕ್ಕಳಿಗೆ ನೀವಾಗಿ ನೀವು ಕೊಡಬೇಡಿ.”

ಬಸುರಿ ಅನ್ನುವ ಮಾತಿಗೆ ನನ್ನ ಕಿವಿ ಬಿಸಿಯಾದವು. ಹೇಳಿಬಿಡಲೇ ಅನ್ನಿಸಿತು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಸರಿ ಮೇಡಂ ಅಂದು ಬಂದುಬಿಟ್ಟೆ.

ಅತ್ತೆ ಮಾತ್ರೆ ತೆಗೆದುಕೊಂಡ ದಿನ ಮಂಕಾಗಿ ಮಲಗಿದ್ದರು, ತುರಿಕೆ ಸ್ವಲ್ಪ ಹೆಚ್ಚೇ ಆಯಿತು. ಆಮೇಲೆ ಒಂದೊಂದೇ ದಿನ ಇಳಿಯುತ್ತಾ ಬಂತು. ಒಂದು ಬೆಳಿಗ್ಗೆ ಎದ್ದು, ಮೈ ಕೆರೆಯದೆ ನಿದ್ದೆ ಮಾಡಿ ಎಷ್ಟು ಕಾಲವಾಯ್ತು ಅಂದರು. ಹಸಿವಾಗುತ್ತದೆ ಅಂತ ಬೇಗ ಮುದ್ದೆಗಿಡಲು ಹೇಳಿದರು. ಇದನ್ನೆಲ್ಲ ಮಾವ ಸುಮ್ಮನೆ ನೋಡುತ್ತಿದ್ದರು.

ಮಾವನ ವಿಷಯ ಹೇಳಬೇಕು. ಮಾತು ಕಡಿಮೆ. ಹೆಂಡತಿ ಬಿದ್ದ ದಿನ ಮಂದೆಯನ್ನು ಕಾವಲಿನಲ್ಲೇ ಬಿಟ್ಟು ಓಡಿ ಬಂದಿದ್ದವರು, ಹುಷಾರಾದ ಮೇಲೆ ಹೇಗಿದ್ದೀಯಾ ಅಂತ ಒಂದು ಸಲವೂ ಬಾಯಿಬಿಟ್ಟು ಕೇಳಲಿಲ್ಲ. ಬದಲಿಗೆ ಚಳ್ಳಕೆರೆ ಸಂತೆಗೆ ಹೋದವರು ಅತ್ತೆಗೆ ರಬ್ಬರಿನ ಚಪ್ಪಲಿ ತಂದು ಹೊಸಿಲ ಹತ್ತಿರ ಇಟ್ಟರು. ಅದೇ ದಿನ ಒಂದು ಔಷಧಿ ಅಂಗಡಿಯಲ್ಲಿ ಅತ್ತೆಯ ಮಾತ್ರೆಯ ಖಾಲಿ ಹಾಳೆ ತೋರಿಸಿ, ಅಂಥದ್ದೇ ಮಾತ್ರೆಗಳನ್ನು ಮನೆಮಂದಿಗೆಲ್ಲ ಆಗುವಷ್ಟು ಕೊಂಡಿದ್ದರು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಎರಡು ದಿನ ಬಿಟ್ಟು, ಬೆಳಗಿನ ಊಟ ಮುಗಿದ ಮೇಲೆ ಅಂಗಿಯ ಜೇಬಿನಿಂದ ಮಾತ್ರೆ ತೆಗೆದರು. ತಾವೊಂದು ನುಂಗಿ ನೀರು ಕುಡಿದರು. ಮಗನಿಗೆ ಒಂದು ಕೊಟ್ಟರು. ನನ್ನ ಗಂಡ ಏನು ಎತ್ತ ಕೇಳದೆ ನುಂಗಿಬಿಟ್ಟರು. ನನ್ನ ಕೈಗೂ ಒಂದು ಬಂತು.

ಅದೇನು ಮಾವ ಅಂತ ಕೇಳಿದ್ದಕ್ಕೆ ಕುರಿಯವರ ಲೆಕ್ಕ ಹೇಳಿದರು. ಮಂದೆಯಲ್ಲಿ ಒಂದು ಕುರಿಗೆ ಹುಳ ಕಂಡರೆ ಇಡೀ ಮಂದೆಗೆ ಔಷಧಿ ಹಾಕಬೇಕು, ಅದೂ ಒಂದೇ ದಿನ. ಒಂದಕ್ಕೆ ಹಾಕಿ ಉಳಿದದ್ದನ್ನು ಬಿಟ್ಟರೆ ತಿಂಗಳೊಳಗೆ ಮತ್ತೆ ಅದೇ ಗೋಳು. ಅವಳು ನಿಮ್ಮತ್ತೆ ಇನ್ನೊಂದು ಸಲ ಬೀಳೋದು ಬೇಡ, ನುಂಗಮ್ಮ ಅಂದರು. ತಪ್ಪೇನೂ ಕಾಣದ ಮಾತು. ಅವರಷ್ಟು ಮಾತಾಡಿದ್ದನ್ನೂ ನಾನು ಅದೇ ಮೊದಲು ಕೇಳಿದ್ದು.

ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದು, ಕೈಯನ್ನು ಬಾಯಿಯ ಹತ್ತಿರ ಒಯ್ದು, ಚೊಂಬೆತ್ತಿ ನೀರು ಕುಡಿದೆ. ಮಾವ ನೋಡಲಿಲ್ಲ, ನನ್ನ ಗಂಡನೂ ನೋಡಲಿಲ್ಲ. ಅತ್ತೆ ನೋಡಿದರು. ಒಲೆಯ ಹತ್ತಿರ ಹೋದವಳ ಹಿಂದೆಯೇ ಬಂದು ನನ್ನ ಮುಷ್ಟಿ ಬಿಡಿಸಿದರು. ಮಾತ್ರೆ ಬೆವರಿಗೆ ಅಂಟಿಕೊಂಡಿತ್ತು.

“ನಿಂತೈತಾ?” ಅಂದರು, ಒಲೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ನಾನು ತಲೆ ಆಡಿಸಿದೆ. ಅಳು ಬಂತು. ಅತ್ತೆ ಬೈಯಲಿಲ್ಲ, ಯಾಕೆ ಹೇಳಲಿಲ್ಲ ಅಂತ ಕೇಳಲಿಲ್ಲ. ಆ ಮಾತ್ರೆಯನ್ನು ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಅಳಬೇಡ, ನುಂಗಿಲ್ಲವಲ್ಲ ಅಂದರು. ನೀನು ಉಪ್ಪಿನಕಾಯಿ ವಾಸನೆಗೆ ಮುಖ ತಿರುಗಿಸಿದ ದಿನವೇ ನನಗೆ ಅನುಮಾನ ಬಂದಿತ್ತು ಅಂತಲೂ ಅಂದರು.

ಹೊರಗೆ ಮಾವ ಕಂಬಳಿ ಹೆಗಲಿಗೆ ಹಾಕಿಕೊಳ್ಳುತ್ತಾ ಮಗನಿಗೆ ಹೇಳುತ್ತಿದ್ದದ್ದು ಆಗ ಕಿವಿಗೆ ಬಿತ್ತು. “ನಿನ್ನೆ ಮೊಳಕಾಲ್ಮೂರಿಗೂ ಹೋಗಿ ಕೊಟ್ಟು ಬಂದೆ ಕಣಲೇ. ಇವತ್ತು ಬೆಳಿಗ್ಗೆ ಉಂಡ ಮೇಲೆ ತಾಯಿ ಮಗಳು ಇಬ್ಬರೂ ತಗಳ್ಳಿ ಅಂದಿದೀನಿ. ಎಲ್ಲರದ್ದೂ ಒಂದೇ ದಿನ ಆಗ್ಲಿ.”

ನಾದಿನಿಯ ಮಗಳು ಆಗಿನ್ನೂ ಗೋಡೆ ಹಿಡಿದು ನಡೆಯುವ ಕೂಸು, ಮೊಲೆ ಬಿಟ್ಟಿರಲಿಲ್ಲ.

ನಾನು ಹೊರಗೆ ಓಡಿ ಬಂದು, ಪಾಪುಗೆ ಕೊಡಬಾರದು ಮಾವ ಅಂದೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಕೊಡುವುದೇ ಇದನ್ನಲ್ಲವಾ ಅಂದರು ಅವರು. ಅಲ್ಲಿ ಕೊಡುವುದರಲ್ಲಿ ಒಂದೇ ಔಷಧಿ ಇರುತ್ತದೆ, ಇದರಲ್ಲಿ ಎರಡಿವೆ, ಎಳೇ ಮಕ್ಕಳಿಗೆ ಬೇಡ ಅಂತ ಡಾಕ್ಟರಮ್ಮ ಹೇಳಿದ್ದಾರೆ ಅಂತ ಬಿಡಿಸಿ ಹೇಳಿದೆ. ಮಾವನ ಹೆಗಲಿಂದ ಕಂಬಳಿ ಜಾರಿತು.

ನಾದಿನಿಯ ಫೋನು ಸ್ವಿಚ್ ಆಫ್. ಅವಳ ಗಂಡ ರೇಷ್ಮೆ ಸೀರೆ ನೇಯುವ ಮನೆಯೊಂದಕ್ಕೆ ಕೂಲಿಗೆ ಹೋಗುವವನು, ಮಗ್ಗದ ಸದ್ದಿನಲ್ಲಿ ಅವನಿಗೆ ಫೋನು ಕೇಳುವುದಿಲ್ಲ. ನನ್ನ ಗಂಡ ಬೈಕಿನ ಕೀಲಿ ತೆಗೆದುಕೊಂಡರು. ಮಾತ್ರೆ ನುಂಗಿದ ದಿನ ಗಾಡಿ ಓಡಿಸಬಾರದು ಅಂದಿದ್ದರಲ್ಲ, ಅದನ್ನು ನೆನಪಿಸಿ ಕೀಲಿ ಕಿತ್ತುಕೊಂಡೆ. ಅವರನ್ನು ಮಂದೆಯ ಜೊತೆ ಬಿಟ್ಟು, ಅತ್ತೆ, ಮಾವ, ನಾನು ಸಿಕ್ಕ ಆಟೋ ಹತ್ತಿ ಚಳ್ಳಕೆರೆಗೆ ಬಂದು, ಅಲ್ಲಿಂದ ಮೊಳಕಾಲ್ಮೂರಿನ ಬಸ್ಸು ಹಿಡಿದೆವು. ನೀನು ಬರಬೇಡ ಅಂದರು ಅತ್ತೆ. ಡಾಕ್ಟರಮ್ಮ ಹೇಳಿದ್ದೆಲ್ಲ ನೆನಪಿರುವುದು ನನಗೊಬ್ಬಳಿಗೇ ಅಂದೆ.

ಬಸ್ಸಿನಲ್ಲಿ ನಾನು ನಂಬರು ಒತ್ತುತ್ತಲೇ ಇದ್ದೆ. ಎರಡೂ ಕಡೆ ಶೇಂಗಾ ಹೊಲಗಳು, ಹಸಿರಾಗಿದ್ದವು, ಒಂದನ್ನೂ ಸರಿಯಾಗಿ ನೋಡಲಿಲ್ಲ. ತಳಕು ದಾಟಿದ ಮೇಲೆ ಮಾವ ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿಕೊಂಡರು. ತಲೆ ಸುತ್ತುತ್ತದಾ ಅಂತ ಕೇಳಿ ಅತ್ತೆ ನೀರಿನ ಬಾಟಲಿ ಕೊಟ್ಟರು. ಕುಡಿದು, ಬಾಟಲಿ ಕೈಯಲ್ಲೇ ಹಿಡಿದುಕೊಂಡು ಕೂತರು. ಅತ್ತೆ ಆಗ ಅವರ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ನನ್ನ ವಿಷಯ ಅಂತ ನನಗೆ ಗೊತ್ತಾಯಿತು, ಕಿಟಕಿಯ ಕಡೆ ತಿರುಗಿದೆ. ಹಾನಗಲ್ ಹತ್ತಿರ ಬಂದಾಗ ಮಾವ, ಯಾರ ಕಡೆಯೂ ನೋಡದೆ ಹೇಳಿದರು.

“ಗಬ್ಬ ನಿಂತ ಹೊಸತರಲ್ಲಿ ಕುರಿಗೆ ಹುಳದ ಔಷಧಿ ಹಾಕ್ಬೇಕಾದ್ರೆ ಪಶು ಡಾಕ್ಟರನ್ನ ಕೇಳದೆ ಹಾಕೋನಲ್ಲ ನಾನು. ಕುರಿಗೆ ಕೇಳೋನು ನಿನಗೆ ಕೇಳಲಿಲ್ಲವಲ್ಲ ತಾಯಿ.”

ನಾನು ಹೇಳಿರಲಿಲ್ಲವಲ್ಲ ಮಾವ, ನಿಮಗೆ ಹೇಗೆ ಗೊತ್ತಾಗಬೇಕು ಅಂದೆ. ಬಲಗಡೆ ದೂರದಲ್ಲಿ ಬಂಡೆಗುಡ್ಡಗಳು ಕಾಣುತ್ತಿದ್ದವು. ಜಟಿಂಗ ರಾಮೇಶ್ವರನ ಗುಡಿಯಿರುವ ಗುಡ್ಡ ಅದರಲ್ಲಿ ಯಾವುದೋ ನನಗೆ ಗುರುತಿಲ್ಲ, ಅತ್ತೆ ಸುಮ್ಮನೆ ಆ ದಿಕ್ಕಿಗೆಲ್ಲ ಕೈ ಮುಗಿದರು.

ನಾದಿನಿಯ ಮನೆ ಬಸ್ ಸ್ಟ್ಯಾಂಡಿನಿಂದ ದೂರವಿಲ್ಲ. ನಮಗಿಂತ ಮುಂದೆ ಮಾವ ಹೋದರು, ಓಡಿದರು ಅಂತಲೇ ಹೇಳಬೇಕು. ನಾವು ಹೋಗುವಷ್ಟರಲ್ಲಿ ಅವರು ನಡುಮನೆಯಲ್ಲಿ ನಿಂತಿದ್ದರು. ಕೂಸು ಚಾಪೆಯ ಮೇಲೆ ಕೂತು ಅಳುತ್ತಿತ್ತು. ಎದುರಿಗೆ ತಟ್ಟೆಯಲ್ಲಿ ಅನ್ನ ಸಾರು ಹಾಗೇ ಇತ್ತು. ಪಕ್ಕದಲ್ಲಿ ಒಂದು ಚಮಚ, ಅದರಲ್ಲಿ ಬೆಲ್ಲದ ಜೊತೆ ಕಲಸಿದ ಬಿಳಿ ಪುಡಿ. ನಾದಿನಿಯ ಅತ್ತೆ ಆಂಧ್ರದ ಕಡೆಯವರು, ಏಮೈಂದಿ, ಏಮೈಂದಿ, ಏನಾಯ್ತು ಅಂತ ಗಾಬರಿಯಲ್ಲಿ ಎಲ್ಲರನ್ನೂ ಕೇಳುತ್ತಿದ್ದರು.

“ಕೊಟ್ಟೆಯಾ?” ಅಂತ ನಾದಿನಿಯನ್ನು ಕೇಳಿದೆ.

“ಎಲ್ಲಿ ಕೊಡ್ಲಿ ಅತ್ತಿಗೆ, ಬೆಳಿಗ್ಗೆಯಿಂದ ಒಂದು ತುತ್ತು ತಿಂದಿಲ್ಲ ಇವಳು. ಉಂಡ ಮೇಲೇ ಕೊಡ್ಬೇಕು ಅಂತ ಅಪ್ಪ ನಿನ್ನೆ ಅಷ್ಟು ಸಲ ಹೇಳಿ ಹೋಗೈತೆ. ಇವಳದ್ದು ಆದಮೇಲೆ ನಾನೂ ತಗೊಳ್ಳಾನ ಅಂತ ಕಾಯ್ತಾ ಕೂತಿದೀನಿ.”

ಮಾವ ಇದ್ದಲ್ಲೇ ಕೂತುಬಿಟ್ಟರು. ಕೂಸು ಅಳು ನಿಲ್ಲಿಸಿ ಅವರನ್ನು ನೋಡಿತು. ಅತ್ತೆ ಚಮಚವನ್ನು ಎತ್ತಿಕೊಂಡು ಹೋಗಿ ತೊಳೆದು ಬಂದರು. ಆಮೇಲೆ ಯಾರು ಮೊದಲು ನಕ್ಕರೋ ಗೊತ್ತಿಲ್ಲ. ನಾದಿನಿಗೆ ಏನೂ ತಿಳಿಯದೆ, ಏನಾಯ್ತು ಹೇಳ್ರಿ ಅಂತ ಕೇಳುತ್ತಿದ್ದಳು, ನಾವು ಮೂವರೂ ನಗುತ್ತಿದ್ದೆವು. ಮಾವ ನಗುತ್ತಾ ನಗುತ್ತಾ ಕಂಬಳಿಯಲ್ಲಿ ಮುಖ ಒರೆಸಿಕೊಂಡರು. ಅಷ್ಟು ಗದ್ದಲದಲ್ಲಿ ಕೂಸು ತಾನೇ ತಟ್ಟೆಗೆ ಕೈ ಹಾಕಿ ಅನ್ನ ತಿನ್ನತೊಡಗಿತು.

ಮಾರನೇ ದಿನ ನಾದಿನಿ, ಕೂಸು, ನಾವೆಲ್ಲ ಸೇರಿ ಚಳ್ಳಕೆರೆಯ ಡಾಕ್ಟರಮ್ಮನ ಹತ್ತಿರ ಹೋದೆವು. ಮಾವ ತಾವೇ ಮುಂದೆ ಹೋಗಿ, ನಾನು ಹೀಗೆ ಹೀಗೆ ಮಾಡಿದೆ ಅಂತ ಒಪ್ಪಿಕೊಂಡರು. ಅವರು ಸಿಟ್ಟಾಗಲಿಲ್ಲ. ಮಾವನ ಬಿ.ಪಿ. ನೋಡಿ, ಬಸ್ಸಿನಲ್ಲಿ ತಲೆ ಸುತ್ತಿದ್ದು ಮಾತ್ರೆಗೂ ಇರಬಹುದು, ಹೆದರಿಕೆಗೂ ಇರಬಹುದು, ಈಗ ಏನೂ ತೊಂದರೆಯಿಲ್ಲ ಅಂದರು. ಮನೆಯವರನ್ನೆಲ್ಲ ನೋಡಿಕೊಳ್ಳಬೇಕು ಅನ್ನುವ ನಿಮ್ಮ ಯೋಚನೆ ಸರಿ, ಆದರೆ ಮನುಷ್ಯರದ್ದು ಒಬ್ಬೊಬ್ಬರದ್ದು ಒಂದೊಂದು ಲೆಕ್ಕ ಅಂದರು. ಕೂಸನ್ನು ತೂಗಿ, ಎರಡನೇ ಔಷಧಿ ತಡೆಯುವಷ್ಟು ತೂಕ ಇನ್ನೂ ಬಂದಿಲ್ಲ, ಇವಳಿಗೆ ಅಂಗನವಾಡಿಯಲ್ಲಿ ಕೊಡುವ ಒಂಟಿ ಔಷಧಿ ಸಾಕು, ಅದೂ ವಯಸ್ಸಿಗೆ ತಕ್ಕಷ್ಟು ಅಂದರು. ನಾದಿನಿಗೆ ಪರೀಕ್ಷೆ ಮಾಡಿಸಿದರು, ಅವಳ ಹೊಟ್ಟೆಯಲ್ಲಿ ಹುಳವೇ ಇರಲಿಲ್ಲ.

ಎಲ್ಲರನ್ನೂ ಹೊರಗೆ ಕಳಿಸಿ ನನ್ನನ್ನು ಕೂರಿಸಿಕೊಂಡರು. ಅಕಸ್ಮಾತ್ ನುಂಗಿಬಿಟ್ಟಿದ್ದರೆ ಏನಾಗುತ್ತಿತ್ತು ಮೇಡಂ ಅಂತ ಕೇಳಿದೆ. ರಾತ್ರಿಯೆಲ್ಲ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. “ಏನೂ ಆಗದೇ ಇರಲೂಬಹುದಿತ್ತು. ಗೊತ್ತಿಲ್ಲದೆ ನುಂಗಿದವರು ಬರ್ತಾರೆ, ಹೆದರಬೇಡಿ ಅಂತ ಹೇಳಿ ಸ್ಕ್ಯಾನ್ ಮಾಡಿ ನೋಡ್ಕೊಳ್ತೀವಿ. ಆದರೆ ಮೊದಲ ತಿಂಗಳುಗಳಲ್ಲಿ ಇದನ್ನ ಬೇಕು ಅಂತ ಯಾರೂ ಕೊಡೋದಿಲ್ಲ. ಹುಳದ ಯೋಚನೆ ನನಗೆ ಬಿಡಿ. ಹೊಟ್ಟೆ ತುಂಬ ಊಟ ಮಾಡಿ.”

ಇನ್ನೊಂದಷ್ಟು ದಿನ ಕಳೆದ ಮೇಲೆ ಸ್ಕ್ಯಾನಿಗೆ ಹೋದೆ. ಕತ್ತಲ ಕೋಣೆಯಲ್ಲಿ ಆ ಯಂತ್ರ ಕುದುರೆ ಓಡಿದ ಹಾಗೆ ಸದ್ದು ಮಾಡಿತು. ಅತ್ತೆ ನನ್ನ ಕಾಲಿನ ಹತ್ತಿರ ನಿಂತಿದ್ದರು. ಅದೇನು ಸದ್ದು ಅಂತ ಕೇಳಿದರು. ಎದೆ ಬಡಿತ ಅಂದರು ಸ್ಕ್ಯಾನ್ ಮಾಡುತ್ತಿದ್ದವರು. ಯಾರದ್ದು ಅಂದರು ಅತ್ತೆ. ಆ ಪ್ರಶ್ನೆಗೆ ಕೋಣೆಯಲ್ಲಿದ್ದವರೆಲ್ಲ ನಕ್ಕರು, ಅತ್ತೆ ಮಾತ್ರ ಕಣ್ಣು ಒರೆಸಿಕೊಂಡರು. ಹೊರಗೆ ಮಾವ, ನನ್ನ ಗಂಡ ಬೇವಿನ ಮರದ ಕೆಳಗೆ ನಿಂತಿದ್ದರು. ಈ ಸಲ ಮಾವ ಯಾರಿಗೂ ಸಕ್ಕರೆ ಹಂಚಲಿಲ್ಲ. ಎದುರಿನ ಹೋಟೆಲಿನಿಂದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದು ನನ್ನ ಮುಂದೆ ಹಿಡಿದು, ತಿನ್ನು ಅಂದರು. ಅಷ್ಟು ರುಚಿಯಾದ ಮೆಣಸಿನಕಾಯಿ ನಾನು ಆಮೇಲೆ ತಿಂದಿಲ್ಲ.

ಹೆಣ್ಣು ಮಗು ಹುಟ್ಟಿತು, ಚಳ್ಳಕೆರೆಯಲ್ಲೇ, ಬೇಸಿಗೆಯಲ್ಲಿ. ಅಷ್ಟು ಹೊತ್ತಿಗೆ ಅತ್ತೆಯ ಮುಖಕ್ಕೆ ಬಣ್ಣ ಬಂದಿತ್ತು. ಮಣ್ಣು ಈಗ ಮಣ್ಣಿನ ಹಾಗೇ ವಾಸನೆ ಬರ್ತೈತೆ, ಅದನ್ನ ಹೆಂಗೆ ತಿಂದೆನೋ ಅಂತ ಅವರೇ ನೀರಿನ ಹತ್ತಿರ ಹೆಂಗಸರಿಗೆ ಹೇಳಿ ನಗಿಸಿದರಂತೆ. ಅದನ್ನು ಕೇಳಿದ ಮೇಲೆ, ತಮಗೂ ಹಾಗೇ ಆಗುತ್ತದೆ ಅಂತ ಒಬ್ಬಿಬ್ಬರು ಮೆಲ್ಲಗೆ ನನ್ನ ಹತ್ತಿರ ಬಂದರು. ಅವರನ್ನೂ ಆಸ್ಪತ್ರೆಗೆ ಕಳಿಸಿದೆ. ಮನೆಯ ಹಿಂದೆ ಪಾಯಿಖಾನೆ ಕಟ್ಟಿಸಿದೆವು, ಅದಕ್ಕೆ ಕಲ್ಲು ಹೊತ್ತವರು ಮಾವನೇ.

ಮಗಳು ಈಗ ಹಟ್ಟಿಯೆಲ್ಲ ಓಡಾಡುತ್ತಾಳೆ. ಚಪ್ಪಲಿ ಹಾಕಿಸಿದರೆ ಕಿತ್ತು ಎಸೆದು ಕುರಿಮರಿಗಳ ನಡುವೆ ನುಗ್ಗುತ್ತಾಳೆ. ಅತ್ತೆ ಎರಡೂ ಚಪ್ಪಲಿ ಕೈಯಲ್ಲಿ ಹಿಡಿದು ಅವಳ ಹಿಂದೆ ಓಡುತ್ತಾರೆ, ಬೈಯುತ್ತಾ, ನಗುತ್ತಾ, ಉಸಿರು ಕಟ್ಟದೆ.